ನಾವು ಹುಡುಕಿದ ಹಿನ್ನೀರ ದಾರಿ

ಸವದತ್ತಿಯ ಹಿನ್ನೀರಿನ ದಂಡೆಗುಂಟ ಸೈಕಲ್ ಹೊಡೆಯಲು ಯಾವ ದಾರಿ ಹಿಡಿಯಬೇಕು ಎಂದು ಈಗ ಯಾರನ್ನು ಕೇಳಿದರೂ ಹೇಳುತ್ತಾರೆ. ತಿರುವುಗಳಲ್ಲಿ ಬಣ್ಣದ ಬಾಣಗಳಿವೆ, ಮೊಬೈಲಿನಲ್ಲಿ ನಕ್ಷೆ ಸಿಗುತ್ತದೆ. ಆ ದಾರಿಯನ್ನು ಹುಡುಕಿದವರು ಇಬ್ಬರು ಹೆಂಗಸರು ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಬೈಲಹೊಂಗಲದಲ್ಲಿ ನಮ್ಮದೊಂದು ಔಷಧದ ಅಂಗಡಿ ಇದೆ. ನಲವತ್ತು ದಾಟಿದ ಮೇಲೆ ನನಗೆ ಸಕ್ಕರೆ ಕಾಯಿಲೆ ಶುರುವಾಗುವ ಲಕ್ಷಣ ಕಂಡಿತು. ಡಾಕ್ಟರು ದಿನಾ ನಡೆಯಲು ಹೇಳಿದರು. ನಡೆಯುವುದು ನನಗೆ ಬೇಸರ. ಅದೇ ಹೊತ್ತಿಗೆ ನನ್ನ ತಮ್ಮ ಹೊಸ ಸೈಕಲ್ ಕೊಂಡು, ತನ್ನ ಹಳೆಯ ರೋಡ್ ಸೈಕಲ್ ನನಗೆ ಕೊಟ್ಟ. ತೆಳು ಟೈರು, ಬಾಗಿದ ಹ್ಯಾಂಡಲ್. ಮೊದಲ ವಾರ ಬೆನ್ನು ಹಿಡಿದುಕೊಂಡಿತು. ಆಮೇಲೆ ಬಿಡಲು ಮನಸ್ಸಾಗಲಿಲ್ಲ.

ನಮ್ಮ ಹಿಂದಿನ ಓಣಿಯ ಮನೆಯೊಂದರ ಸೊಸೆ ಪ್ರಾಥಮಿಕ ಶಾಲೆಯ ಶಿಕ್ಷಕಿ. ನನಗಿಂತ ಹತ್ತು ವರ್ಷ ಚಿಕ್ಕವಳು. ಎಲ್ಲರೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಅವರದು ಹತ್ತಿ ವ್ಯಾಪಾರದ ದೊಡ್ಡ ಮನೆ. ಅಲ್ಲಿ ಅತ್ತೆಯ ಮಾತೇ ಕೊನೆಯ ಮಾತು. ಗಂಡ ಒಳ್ಳೆಯವನು, ಆದರೆ ತಾಯಿಯ ಮುಂದೆ ಬಾಯಿ ಬಿಡುವವನಲ್ಲ. ಅವನು ಹೇಗೋ ಹೆಂಡತಿಗೂ ಒಂದು ಸೈಕಲ್ ತಂದುಕೊಟ್ಟ. ಭಾನುವಾರ ಬೆಳಿಗ್ಗೆ ಮಾತ್ರ, ಅದೂ ನನ್ನ ಜೊತೆ ಮಾತ್ರ, ಎಂದು ಅತ್ತೆ ಒಪ್ಪಿದರು.

ಮೊದಮೊದಲು ಸಂಪಗಾಂವದವರೆಗೆ ಹೋಗಿ ಬರುತ್ತಿದ್ದೆವು. ಕಾಲು ಪಳಗಿದ ಮೇಲೆ ಕಿತ್ತೂರಿನವರೆಗೆ ಹೋದೆವು. ಚಳಿಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಕಾಟ ತಡೆಯಲಾರದೆ ಸವದತ್ತಿಯ ಕಡೆ ಹೊರಳಿದೆವು. ಔಷಧದ ಪೆಟ್ಟಿಗೆ ಒಯ್ಯುವ ಟೆಂಪೋದಲ್ಲಿ ಸೈಕಲ್ ಹಾಕಿಕೊಂಡು ಹೋಗುವುದು, ಹಿನ್ನೀರಿನ ಸುತ್ತಲಿನ ಹಳ್ಳಿಗಳಲ್ಲಿ ಅಲೆಯುವುದು. ಎಷ್ಟೋ ಸಲ ದಾರಿ ತಪ್ಪಿದೆವು. ಒಂದು ಡಾಂಬರು ರಸ್ತೆಯಲ್ಲಿ ಇಳಿಜಾರಿನ ಖುಷಿಯಲ್ಲಿ ಹಾರಿಕೊಂಡು ಹೋದರೆ, ಅದು ಒಣಗಿದ ಜಾಲಿಗಿಡಗಳ ನಡುವೆ ನೇರ ನೀರೊಳಗೆ ಇಳಿದುಬಿಟ್ಟಿತ್ತು. ದಂಡೆಯಲ್ಲಿ ಬಲೆ ಒಣಹಾಕುತ್ತಿದ್ದವನು, ಮುಂದಿನ ಊರು ಡ್ಯಾಮು ಕಟ್ಟಿದಾಗಲೇ ಮುಳುಗಿತು, ಬೇಸಿಗೆಯಲ್ಲಿ ಬಂದರೆ ಗುಡಿಯ ಗೋಡೆ ಕಾಣುತ್ತದೆ ಎಂದ. ಇನ್ನೊಂದು ಸಲ ಮಳೆಗೆ ಸಿಕ್ಕು, ಎರೆಮಣ್ಣು ಚಕ್ರಕ್ಕೂ ಬ್ರೇಕಿಗೂ ಮೆತ್ತಿಕೊಂಡು, ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದೆವು.

ಹೀಗೆ ಕೂಡಿಸಿ ಕಳೆದು ಒಂದು ದಾರಿ ಸಿದ್ಧವಾಯಿತು. ಸವದತ್ತಿಯಿಂದ ಹಿನ್ನೀರಿನ ಹಳ್ಳಿಗಳು, ಅಲ್ಲಿಂದ ನವಿಲುತೀರ್ಥದ ಅಣೆಕಟ್ಟು, ಮುನವಳ್ಳಿ, ಸಿರಸಂಗಿ, ಮತ್ತೆ ಸವದತ್ತಿ. ನಾಯಿಗಳು ಎಲ್ಲಿ ಬೆನ್ನಟ್ಟುತ್ತವೆ, ಗಾಳಿ ಎಲ್ಲಿ ಎದೆಗೆ ಹೊಡೆಯುತ್ತದೆ, ಹೆಂಗಸರು ಧೈರ್ಯವಾಗಿ ಯಾರ ಮನೆಯ ಬಾಗಿಲು ತಟ್ಟಿ ಬಚ್ಚಲು ಕೇಳಬಹುದು, ಎಲ್ಲ ನಮಗೆ ಗೊತ್ತಿತ್ತು.

ಹೋದ ವರ್ಷ ಊರಿನ ಕೆಲವು ಗಂಡಸರು ಸೈಕಲ್ ಕ್ಲಬ್ ಮಾಡಿಕೊಂಡರು. ಅಧ್ಯಕ್ಷರು ವಿದ್ಯುತ್ ಸಾಮಾನಿನ ಅಂಗಡಿಯವರು, ನನ್ನ ಗಂಡನಿಗೆ ಪರಿಚಯ. ಒಂದು ಸಂಜೆ ಅಂಗಡಿಗೆ ಬಂದು, ಹಿನ್ನೀರಿನ ಸುತ್ತ ದೊಡ್ಡದೊಂದು ಸವಾರಿ ಇಡುತ್ತೇವೆ, ದಾರಿ ನೀವೇ ತೋರಿಸಬೇಕು ಎಂದು ಕೇಳಿಕೊಂಡರು. ನನಗೆ ಹಿಗ್ಗಾಯಿತು. ಎರಡು ಭಾನುವಾರ ನಾನೂ ಟೀಚರೂ ಮುಂದೆ, ಕ್ಲಬ್ಬಿನವರು ಹಿಂದೆ. ಸಿರಸಂಗಿಯ ಏರಿನಲ್ಲಿ ಅವರಿಗಾಗಿ ನಿಂತು ಕಾದೆವು. ಅವರು ತಿರುವು ತಿರುವಿಗೆ ಮೊಬೈಲಿನಲ್ಲಿ ಗುರುತು ಹಾಕಿಕೊಂಡರು.

ಸವಾರಿಗೆ ಹದಿನೈದು ದಿನ ಇರುವಾಗ ಸಭೆ ಕರೆದರು. ಅಲ್ಲಿ ಅಧ್ಯಕ್ಷರು ಓದಿದ ಪ್ರಕಾರ ಪೂರ್ತಿ ದಾರಿ ಗಂಡಸರಿಗೆ, ಸೈಕಲ್ಲಿಗೆ ಕಟ್ಟುವ ನಂಬರೂ ಅವರಿಗೆ ಮಾತ್ರ. ಹೆಂಗಸರು ಸವದತ್ತಿಯಿಂದ ಅಣೆಕಟ್ಟಿನವರೆಗೆ ಹೋಗಿ ವಾಪಸ್ ಬರಬೇಕು. ಬಂದ ಮೇಲೆ ಅವರಿಗೆ ರಂಗೋಲಿ ಸ್ಪರ್ಧೆ.

ನಾನು ಎದ್ದು ನಿಂತು ಯಾಕೆ ಎಂದು ಕೇಳಿದೆ.

"ವೈನಿ, ನಾಳೆ ಏನರ ಹೆಚ್ಚುಕಮ್ಮಿ ಆತಂದ್ರ ಜವಾಬ್ದಾರಿ ಯಾರ ಮ್ಯಾಲ ಬರತೈತಿ?" ಎಂದರು ಅಧ್ಯಕ್ಷರು, ಸ್ವಂತ ಅತ್ತಿಗೆಯನ್ನು ಮಾತಾಡಿಸುವಂತೆ ಬಹಳ ಮೃದುವಾಗಿ. "ನಿಮ್ಮ ಸಲುವಾಗೇ ಹೇಳಾಕ ಹತ್ತೇನಿ."

"ಆ ದಾರಿ ನಿಮಗ ತೋರಿಸಿದಾವ್ರು ಯಾರ್ರಿ?" ಎಂದೆ.

ಅವರು ನಕ್ಕು ಮುಂದಿನ ವಿಷಯಕ್ಕೆ ಹೋದರು. ಟೀ-ಶರ್ಟಿನ ಬಣ್ಣದ ಬಗ್ಗೆ ಚರ್ಚೆ ಶುರುವಾಯಿತು. ಹೆಂಗಸರಿಗೆ ಗುಲಾಬಿ ಎಂದು ಎಲ್ಲರೂ ಬೇಗ ಒಪ್ಪಿದರು. ನಾನು ಕೂತ ಕುರ್ಚಿ ಹಿಂದೆ ಸರಿಸಿ ಹೊರಗೆ ಬಂದೆ. ಮನೆಗೆ ಬಂದು ರೊಟ್ಟಿ ಬಡಿಯುವಾಗ ಹಿಟ್ಟಿನ ಮೇಲೆ ಎಷ್ಟು ಸಿಟ್ಟು ತೆಗೆದೆನೆಂದರೆ, ಬಾಗಿಲಿಗೆ ಬಂದ ಗಂಡ ತಾವೇ ತಾಟು ತೆಗೆದುಕೊಂಡು ಹೊರಗೆ ಹೋಗಿ ಕೂತರು.

ಮರುದಿನ ಟೀಚರ್‌ಗೆ ಹೇಳಿದೆ: ನಂಬರು ಕೊಡದಿದ್ದರೆ ಬೇಡ, ರಸ್ತೆ ಅವರಪ್ಪನದಲ್ಲ, ನಾವು ಪೂರ್ತಿ ಹೊಡೆಯೋಣ. ಅವಳು ಹೂಂ ಅಂದಳು.

ಸವಾರಿಯ ಭಾನುವಾರ ಗಂಡಸರು ಹೊರಟು ಎಷ್ಟೋ ಹೊತ್ತಾದ ಮೇಲೆ ಅದೇ ಹಿನ್ನೀರಿನ ದಾರಿಯಲ್ಲಿ ನಮ್ಮ ಗುಲಾಬಿ ಗುಂಪನ್ನು ಬಿಟ್ಟರು. ಅಣೆಕಟ್ಟಿನ ಹತ್ತಿರ ಎಲ್ಲರೂ ಇಳಿದು ಫೋಟೋ ತೆಗೆಸಿಕೊಂಡು ಹಿಂದಿರುಗಿದರು. ನಾವಿಬ್ಬರು ಮುನವಳ್ಳಿಯ ಕಡೆ ಸೈಕಲ್ ತಿರುಗಿಸಿದೆವು. ಸ್ವಲ್ಪ ದೂರದಲ್ಲೇ ಕ್ಲಬ್ಬಿನ ಜೀಪು ಹಿಂದೆ ಬಂತು. ಅದರಲ್ಲಿದ್ದವರು ಹೊರಳಿ ಹೋಗ್ರಿ ಎಂದು ಕೈ ಬೀಸಿ ಹಾರ್ನ್ ಹೊಡೆಯುತ್ತ ನಮ್ಮ ಪಕ್ಕದಲ್ಲೇ ಎಷ್ಟೋ ದೂರ ಬಂದರು. ಹೆಂಗಸರ ಸುರಕ್ಷತೆಗೆಂದು ಇಟ್ಟ ಜೀಪು ನಮ್ಮನ್ನು ರಸ್ತೆಯ ಅಂಚಿನ ಜಲ್ಲಿಗೆ ತಳ್ಳುತ್ತಿತ್ತು. ನಾನು ತಿರುಗಿ ನೋಡಲಿಲ್ಲ. ನೋಡಿದ್ದರೆ ಬಾಯಿಂದ ಏನು ಬರುತ್ತಿತ್ತೋ.

ಮುನವಳ್ಳಿಯಲ್ಲಿ ನೀರು, ಬಾಳೆಹಣ್ಣು ಇಟ್ಟಿದ್ದರು. ನಂಬರ್ ಇದ್ದವರಿಗೆ ಮಾತ್ರ ಎಂದು ಮೇಜಿನ ಹಿಂದೆ ಕುಳಿತವನು ಬಾಳೆಹಣ್ಣಿನ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡ. ಇವನೂ ಹಿಂದಿನ ತಿಂಗಳು ಸಿರಸಂಗಿಯ ಏರಿನಲ್ಲಿ ಏದುಸಿರು ಬಿಡುತ್ತ ನಮ್ಮ ಹಿಂದೆ ಬಂದವನೇ. ಟೀಚರ್ ನನ್ನ ತೋಳು ಹಿಡಿದು ಎಳೆದಳು. ಶಾಲೆಯೊಂದರ ನಲ್ಲಿಯಲ್ಲಿ ಬಾಟಲಿ ತುಂಬಿಕೊಂಡು ಮುಂದೆ ಹೋದೆವು. ಆ ದಿನದಷ್ಟು ಜೋರಾಗಿ ನಾನು ಯಾವತ್ತೂ ಸೈಕಲ್ ಹೊಡೆದಿಲ್ಲ. ಏರಿನಲ್ಲಿ ಹಲವರನ್ನು ದಾಟಿದೆವು. ಅದರಿಂದ ಸಮಾಧಾನವೇನೂ ಆಗಲಿಲ್ಲ.

ಸವದತ್ತಿಗೆ ಬಂದಾಗ ವೇದಿಕೆಯ ಕಾರ್ಯಕ್ರಮ ನಡೆದಿತ್ತು. ನಮ್ಮನ್ನು ಕಂಡ ಕೂಡಲೇ ಅಧ್ಯಕ್ಷರು ಮೈಕಿನಲ್ಲಿ, ನೋಡಿ, ನಮ್ಮ ಕ್ಲಬ್ಬು ಮಹಿಳೆಯರಿಗೆ ಎಷ್ಟು ಪ್ರೋತ್ಸಾಹ ಕೊಡುತ್ತದೆ, ಇಬ್ಬರು ಸಾಹಸಿ ತಾಯಂದಿರು ಪೂರ್ತಿ ಸುತ್ತಿ ಬಂದಿದ್ದಾರೆ ಎಂದರು. ಚಪ್ಪಾಳೆ ಬಿತ್ತು. ಮೇಲೆ ಕರೆದು ಹೊದಿಸಲು ಶಾಲು ಬಿಚ್ಚಿದರು.

ನಾನು ಕೈ ಅಡ್ಡ ಹಿಡಿದು, "ಶಾಲು ಬ್ಯಾಡ್ರಿ," ಎಂದೆ. "ಈ ದಾರಿ ಇವರಿಬ್ರು ತೋರಿಸಿದ್ದು ಅಂತ ಒಂದ ಮಾತು ಮೈಕಿನ್ಯಾಗ ಹೇಳ್ರಿ, ಸಾಕು."

ಅವರು ನನ್ನನ್ನು ನೋಡಲಿಲ್ಲ, ಜನರನ್ನು ನೋಡಿದರು. "ವೈನಿಗೆ ಭಾಳ ದಣಿವಾಗೇತಿ," ಎಂದರು ಮೈಕಿನಲ್ಲಿ. ಜನ ನಕ್ಕರು. ಆ ನಗುವಿನ ನಡುವೆ ಟೀಚರ್ ಒಂದು ಹೆಜ್ಜೆ ಮುಂದೆ ಬಂದು, ತಲೆ ಬಗ್ಗಿಸಿ, ಶಾಲು ಹೊದಿಸಿಕೊಂಡಳು. ಫೋಟೋಕ್ಕೆ ನಕ್ಕಳು ಕೂಡ.

ಅಧ್ಯಕ್ಷರ ಮೇಲಿದ್ದ ಸಿಟ್ಟೆಲ್ಲ ಆ ಕ್ಷಣಕ್ಕೆ ಅವಳ ಮೇಲೆ ತಿರುಗಿತು. ನಾನು ಯಾರಿಗೂ ಹೇಳದೆ ಕೆಳಗಿಳಿದು, ಮುರಗೋಡದ ದಾರಿ ಹಿಡಿದು ಒಬ್ಬಳೇ ಊರಿಗೆ ಬಂದೆ. ಮುಂದೆ ಎರಡು ತಿಂಗಳು ಅವಳ ಜೊತೆ ಮಾತಿಲ್ಲ. ಅವಳು ಕಳಿಸಿದ ಸಂದೇಶಗಳನ್ನು ತೆರೆಯಲಿಲ್ಲ. ಭಾನುವಾರ ಒಬ್ಬಳೇ ಕಿತ್ತೂರಿಗೆ ಹೋಗಿ, ಕೋಟೆಯ ಹತ್ತಿರ ಚಹಾ ಕುಡಿದು, ಮನಸ್ಸಿನಲ್ಲೇ ಅವಳೊಡನೆ ಜಗಳಾಡುತ್ತ ವಾಪಸ್ ಬರುತ್ತಿದ್ದೆ.

ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬಂದು ಅತ್ತೆಯ ಬಿಪಿ ಮಾತ್ರೆ ಕೇಳಿದಳು. ಕೊಟ್ಟೆ. ಅವಳು ಹೋಗಲಿಲ್ಲ. ಇನ್ನೊಬ್ಬ ಗಿರಾಕಿ ಹೋಗುವವರೆಗೂ ಕಟ್ಟೆಗೆ ಒರಗಿ ನಿಂತಿದ್ದಳು.

"ಅವತ್ತು ನಮ್ಮ ಅತ್ತಿ ಮುಂದಿನ ಸಾಲಿನ್ಯಾಗ ಕುಂತಿದ್ರು, ಅಕ್ಕಾ," ಎಂದಳು. "ನಾ ಜೀಪಿಗೆ ತಿರುಗಿಬಿದ್ದು ಹೋದದ್ದು ಅವರಿಗೆ ಅಷ್ಟೊತ್ತಿಗೆ ಯಾರೋ ಹೇಳಿದ್ರು. ಶಾಲು ಹಾಕಿದ್ದು ನೋಡಿ ಸುಮ್ಮನಾದ್ರು. ಈಗ ಬಂದಾವ್ರಿಗೆಲ್ಲ ಅದನ್ನ ತಗದು ತೋರಸ್ತಾರ."

ನಾನು ಮಾತ್ರೆಯ ಡಬ್ಬಿಗಳನ್ನು ಜೋಡಿಸುತ್ತ, ಅದಕ್ಕಾಗಿ ಆ ಅಧ್ಯಕ್ಷನ ಮುಂದೆ ಕುತ್ತಿಗೆ ಬಗ್ಗಿಸಬೇಕಿತ್ತೇ ಎಂದು ಕೇಳಿದೆ.

"ನಿಮಗ ಸಿಟ್ಟು ಮಾಡ್ಕೊಳ್ಳಾಕ ನಿಮ್ಮ ಮನ್ಯಾಗ ಜಾಗ ಐತಿ," ಎಂದಳು. "ನನಗ ಇರೋದು ಒಂದ ಭಾನುವಾರ. ಅದನ್ನ ಕಳಕೊಳ್ಳಾಕ ನನಗ ಮನಸಿರಲಿಲ್ಲ."

ಅವಳ ದನಿಯಲ್ಲಿ ಅಳುವಿರಲಿಲ್ಲ. ಸಿಟ್ಟಿತ್ತು. ಅವಳಿಗೂ ಸಿಟ್ಟು ಬರುತ್ತದೆ ಎಂದು ನಾನು ಅಷ್ಟು ವರ್ಷ ಯೋಚಿಸಿರಲೇ ಇಲ್ಲ. ಬರುವ ಭಾನುವಾರ ಎಷ್ಟಕ್ಕೆ ಹೊರಡುವುದು ಎಂದೆ. ಯಾವಾಗಿನ ಹೊತ್ತಿಗೇ ಎಂದಳು.

ಆಮೇಲೆ ಮತ್ತೆ ಜೊತೆಯಾದೆವು. ಆದರೆ ನನ್ನ ಸಿಟ್ಟು ಇಳಿಯಿತೆಂದು ಯಾರಾದರೂ ತಿಳಿದರೆ ಅದು ಸುಳ್ಳು. ಒಬ್ಬ ಹೆಂಗಸು ತನ್ನ ಕಾಲಿನ ಬಲದಿಂದ ಸುತ್ತಿ ಬಂದ ದಾರಿಗೆ ಇನ್ನೊಬ್ಬರ ಶಾಲು ಹೊದ್ದರೆ ಮಾತ್ರ ಮನೆಯಲ್ಲಿ ಒಪ್ಪಿಗೆ ಸಿಗುತ್ತದೆ ಎಂದರೆ, ನನಗೆ ಮೊದಲಿಗಿಂತ ಹೆಚ್ಚೇ ಸಿಟ್ಟು ಬರುತ್ತದೆ.

ಈ ವರ್ಷ ಅಧ್ಯಕ್ಷರು ಫೋನ್ ಮಾಡಿ, ಹೆಂಗಸರನ್ನು ಸೇರಿಸಿಕೊಡಿ ಎಂದರು. ಪೂರ್ತಿ ದಾರಿಗೆ ನಂಬರು ಕೊಟ್ಟರೆ ಸೇರಿಸುತ್ತೇನೆ ಎಂದೆ. ಕಮಿಟಿಯಲ್ಲಿ ಕೇಳಿ ಹೇಳುತ್ತೇನೆ ಎಂದವರು ಮತ್ತೆ ಫೋನ್ ಮಾಡಲಿಲ್ಲ. ಅವರ ಸವಾರಿಯ ದಿನವೇ ನಾವು ರಾಮದುರ್ಗಕ್ಕೆ ಹೊರಟೆವು. ಈಗ ನಾವು ಐದು ಜನ. ಒಬ್ಬಳಿಗೆ ಇನ್ನೂ ಗೇರ್ ಬದಲಿಸಲು ಸರಿಯಾಗಿ ಬರುವುದಿಲ್ಲ. ಯರಗಟ್ಟಿ ದಾಟಿದ ಮೇಲೆ ಅವಳ ಚೈನು ಕಳಚಿತು. ಟೀಚರ್ ರಸ್ತೆ ಪಕ್ಕದಲ್ಲಿ ಕೂತು, ಕೈಯೆಲ್ಲ ಗ್ರೀಸ್ ಮಾಡಿಕೊಂಡು ಅದನ್ನು ಹಾಕಿದಳು. ಬೈಕಿನಲ್ಲಿ ಬಂದ ಇಬ್ಬರು ನಿಲ್ಲಿಸಿ, ಎಲ್ಲಿಗೆ ಹೊಂಟೀರಿ, ಮನೆಯ ಗಂಡಸರು ಯಾರೂ ಬಂದಿಲ್ಲೇನು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಟೀಚರ್ ಎದ್ದು ನಿಂತಳು. "ನಿಮ್ಮ ಬೈಕ್ ಸ್ವಲ್ಪ ಆಚೆ ಸರಸ್ರಿ," ಎಂದಳು. "ನಮ್ಮ ದಾರಿಗೆ ಅಡ್ಡ ನಿಂತೀರಿ."

ಅವರು ಸರಿಸಿದರು. ನಾವು ಹೊರಟೆವು.