ಬೇಲಿಯ ತೂತಿನ ಬಳಿ ಕುಳಿತವರು

ಮೆಲ್ಬರ್ನ್ ನಗರದ ಪಶ್ಚಿಮ ಭಾಗದಲ್ಲಿ ಉದ್ಯಾನ, ತೊರೆ, ಜೌಗುಗಳನ್ನು ಕಾಯುವ ನಮ್ಮಂಥವರ ನಡುವೆ ಶ್ರೀಮತಿ ಗ್ಲೆನಿಸ್ ಪೆಂಗೆಲ್ಲಿ ಅವರನ್ನು ಅರಿಯದವರು ವಿರಳ. ಮೂವತ್ತೊಂದು ವರ್ಷ ಹಾರ್ಗನ್ ಜೌಗಿನ ಮೇಲ್ವಿಚಾರಣೆ ನಡೆಸಿ ಈಗ ನಿವೃತ್ತರಾಗುತ್ತಿರುವ ಅವರ ಸಾಧನೆಯ ಬಗ್ಗೆ ಬರೆಯಲು ಪಕ್ಷಿತಜ್ಞರು ಹಲವರಿದ್ದಾರೆ. ಅವರ ಕೈಕೆಳಗೆ ಇಪ್ಪತ್ತಾರು ವರ್ಷ ಹುಲ್ಲು ಕತ್ತರಿಸಿದವನು ನಾನೊಬ್ಬನೇ ಆದ್ದರಿಂದ ಈ ಬೀಳ್ಕೊಡುಗೆ ಸಂಚಿಕೆಯ ಸಂಪಾದಕರು ನನಗೂ ಎರಡು ಪುಟ ಬಿಟ್ಟುಕೊಟ್ಟಿದ್ದಾರೆ.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಅಕ್ಟೋಬರಿನಲ್ಲಿ, ಜೌಗಿನ ಅಂಚಿನ ಜೊಂಡನ್ನೆಲ್ಲ ನಾನು ನುಣ್ಣಗೆ ಕತ್ತರಿಸಿ ಶಹಬ್ಬಾಸ್‌ಗಿರಿಗಾಗಿ ಕಾಯುತ್ತ ನಿಂತಿದ್ದೆ. ಹಕ್ಕಿಗಳ ಅಡಗುದಾಣವೇ ಹೋಗಿತ್ತು. ಗ್ಲೆನಿಸ್ ಬೈಯಲಿಲ್ಲ, ಬೂಟು ಬಿಚ್ಚಿಸಿ ನನ್ನನ್ನು ಕೆಸರಿನಲ್ಲಿ ಅರ್ಧ ದಿನ ತಮ್ಮೊಂದಿಗೆ ನಡೆಸಿದರು. "ಇಲ್ಲಿ ತಿನ್ನೋಕೆ ಏನಿದೆ ಅಂತ ಕೇಳ್ಬೇಡ. ನಿನಗೆ ಕೊಕ್ಕಿಲ್ಲ," ಎಂದರು. ಮೇಲಿನವರಿಗೆ ಕಳುಹಿಸಿದ ವರದಿಯಲ್ಲಿ ನನ್ನ ಹೆಸರು ಇರಲಿಲ್ಲ.

ಆ ಹಕ್ಕಿಗಳು ಉದ್ದ ಕೊಕ್ಕಿನ ಸ್ನೈಪ್‌ಗಳು. ಆಗಸ್ಟ್ ಕೊನೆಗೆ ಜಪಾನಿನಿಂದ ಬಂದು, ಇಲ್ಲಿನ ಬೇಸಿಗೆ ಮುಗಿಯುವ ಫೆಬ್ರವರಿ ಕೊನೆಗೆ ಹಿಂದಿರುಗುತ್ತವೆ. ಅಷ್ಟರಲ್ಲಿ ಕೆಸರು ಕೆದಕಿ ಮೈ ತುಂಬಿಕೊಳ್ಳದಿದ್ದರೆ ಆ ಹಾರಾಟ ಅವುಗಳಿಂದಾಗದು. ನಮ್ಮ ಜೌಗಿನ ಒಂದು ಬದಿಗೆ ಮನೆಗಳು, ಇನ್ನೊಂದು ಬದಿಗೆ ರೈಲು ನಿಲ್ದಾಣ. ಜನರೂ ಅವರ ನಾಯಿಗಳೂ ನಟ್ಟನಡುವೆ ಹಾಯ್ದು ಹೋಗುತ್ತಿದ್ದರು. ನೂರ ನಲವತ್ತಿದ್ದ ಹಕ್ಕಿಗಳು ಮೂವತ್ತೊಂದಕ್ಕೆ ಇಳಿದ ವರ್ಷ ಗ್ಲೆನಿಸ್ ಸುತ್ತಲೂ ತಂತಿಬೇಲಿ ಹಾಕಿಸಿ ಅದರ ಬಾಗಿಲಿಗೆ ಬೀಗ ಜಡಿಸಿದರು.

ವಾರದೊಳಗೆ ಬೇಲಿಯಲ್ಲಿ ತೂತು ಬಿತ್ತು. ನಾನು ಹೊಲಿದೆ. ಮತ್ತೆ ಬಿತ್ತು. ಹೀಗೆ ಒಂಬತ್ತು ಬಾರಿ. ಕೊನೆಗೆ ಮೇಲಧಿಕಾರಿಗಳು ಖಂಡಿತವಾಗಿ ಹೇಳಿದರು: ಕತ್ತರಿಸಿದವರನ್ನು ಹಿಡಿದು ಪೊಲೀಸರಿಗೆ ಒಪ್ಪಿಸಿ, ಬೇಲಿ ಉಳಿಸಲಾಗದಿದ್ದರೆ ಜೌಗಿಗೆ ಮಣ್ಣು ತುಂಬಿ ಆಟದ ಬಯಲು ಮಾಡುತ್ತೇವೆ.

ಮರುದಿನ ಬೆಳಗ್ಗೆ ಗ್ಲೆನಿಸ್ ಚಹಾದ ಫ್ಲಾಸ್ಕ್ ಹಿಡಿದು ತೂತಿನ ಪಕ್ಕ ಮಡಿಸುವ ಕುರ್ಚಿ ಹಾಕಿ ಕುಳಿತರು. ನಾನು ಹತ್ತಿರದಲ್ಲೇ ಟ್ರಕ್ಕಿನಲ್ಲಿದ್ದೆ. ಏಳೂವರೆಗೆ ಕಪ್ಪು ಉಡುಪಿನ ಗ್ರೀಕ್ ಮುದುಕಿಯೊಬ್ಬರು ತೂತಿನಿಂದ ತಲೆ ಹೊರಹಾಕಿದರು. ಒಂದು ಕೈಯಲ್ಲಿ ಕಾಡುಸೊಪ್ಪಿನ ಚೀಲ, ಇನ್ನೊಂದರಲ್ಲಿ ಇಕ್ಕಳ. ಅವರೇ ಸ್ಟಮಾಟಿಯಾ ಅಜ್ಜಿ.

"ತಂತಿ ಕತ್ತರಿಸಿದ್ದು ನೀವಾ ಅಜ್ಜಿ?"

"ಮತ್ಯಾರು? ಇಕ್ಕಳ ನನ್ನ ಗಂಡಂದು. ಬದುಕಿದ್ದಾಗ ಇದನ್ನ ಮುಟ್ಟಿದೋನಲ್ಲ. ನಲವತ್ತು ವರ್ಷದಿಂದ ಇಲ್ಲೇ ಸೊಪ್ಪು ಕೀಳ್ತಿದ್ದೀನಿ. ನಿನ್ನ ಬೇಲಿ ನಿನ್ನೆ ಮೊನ್ನೇದು ಕಣೇ."

"ಬೇಲಿ ಯಾಕೆ ಅಂತ ಗೊತ್ತಾ?"

"ಆ ಉದ್ದ ಮೂಗಿನವಕ್ಕೆ ತಾನೆ? ಬಂದಾಗೆಲ್ಲ ಅಗೋ ಆ ಜೊಂಡಿನ ಹಿಂದೆ ಕೂತಿರ್ತವೆ. ನಾನು ಬಗ್ಗಿ ಹೋದ್ರೆ ಏಳಲ್ಲ. ನಾಯಿ ನುಗ್ಗಿದ್ರೆ ಎಲ್ಲ ಎದ್ವು. ಈ ನಾಯಿಗಳು ಒಳಗೆ ಬರೋದಾದ್ರೂ ಎಲ್ಲಿಂದ?"

ಗ್ಲೆನಿಸ್ ತೂತನ್ನು ತೋರಿಸಿದರು. ಅಜ್ಜಿ ತೂತನ್ನು ನೋಡಿದರು, ಇಕ್ಕಳವನ್ನು ನೋಡಿದರು. "ಹಾಳಾದ್ದು," ಎಂದರು.

"ತಪ್ಪು ನಂದೂ ಇದೆ. ಬೀಗ ಹಾಕೋ ಮುಂಚೆ ನಿಮ್ಮನ್ನ ಕೇಳ್ಬೇಕಿತ್ತು. ಸೊಪ್ಪು ಎಲ್ಲೀವರೆಗೆ ಚೆನ್ನಾಗಿರುತ್ತೆ?"

"ಆಗಸ್ಟ್ ಮುಗಿಯೋವರೆಗೆ. ಆಮೇಲೆ ಹೂ ಬಿಟ್ಟು ಕಹಿಯಾಗುತ್ತೆ. ನಮ್ಮತ್ತೆಗಿಂತ ಕಹಿ!"

ಹಕ್ಕಿ ಬರುವುದೂ ಸೊಪ್ಪು ಕೆಡುವುದೂ ಒಂದೇ ಹೊತ್ತಿಗೆ ಎಂಬುದು ನಮ್ಮ ಯಾವ ಕಡತದಲ್ಲೂ ಇರಲಿಲ್ಲ. ಗ್ಲೆನಿಸ್ ಅಂದೇ ವರದಿ ಬರೆದರು: "ಬೇಲಿ ಕತ್ತರಿಸಿದವರು ಸಿಕ್ಕಿದ್ದಾರೆ. ಬೀಗದ ಕೈ ಅವರಿಗೇ ಕೊಟ್ಟಿದ್ದೇನೆ."

ಮೇಲಧಿಕಾರಿಗಳು ಕೆಂಡವಾದರು. ಒಂದು ಋತು ಮಾತ್ರ ನೋಡೋಣ ಎಂದು ಗ್ಲೆನಿಸ್ ತಮ್ಮ ಹುದ್ದೆಯನ್ನೇ ಪಣಕ್ಕಿಟ್ಟು ಒಪ್ಪಿಸಿದರು. ಅಂದಿನಿಂದ ಆಗಸ್ಟ್ ಕೊನೆಗೆ ಅಜ್ಜಿ ಬೀಗ ಹಾಕುವುದು, ಏಪ್ರಿಲ್‌ನ ಮೊದಲ ಒಳ್ಳೆಯ ಮಳೆಗೆ ತೆರೆಯುವುದು ಪದ್ಧತಿಯಾಯಿತು. ರೈಲಿಗೆ ಹೋಗುವವರಿಗಾಗಿ ಹಳಿಯ ಬದಿಯಲ್ಲಿ ಪೊದೆಗಳ ಮರೆಯಿರುವ ಬೇರೆ ದಾರಿ ಮಾಡಿದೆವು. ಅದು ನಾಲ್ಕು ನಿಮಿಷ ಹೆಚ್ಚು. ಆ ನಾಲ್ಕು ನಿಮಿಷಕ್ಕೆ ಗ್ಲೆನಿಸ್ ತಿಂದ ಬೈಗುಳ ನನಗೆ ಗೊತ್ತು. ಇಂದಿಗೂ ಕೆಲವರು ಬೇಲಿ ಹಾರುತ್ತಾರೆ. ಆದರೆ ತಂತಿ ಕತ್ತರಿಸಿದವರನ್ನು ಅಜ್ಜಿಯೇ ಮನೆಬಾಗಿಲಿಗೆ ಹೋಗಿ ವಿಚಾರಿಸಿಕೊಳ್ಳುತ್ತಿದ್ದರು. ಮೂರನೆಯ ಬೇಸಿಗೆಗೆ ಎಂಬತ್ತೆಂಟು ಹಕ್ಕಿಗಳನ್ನು ಎಣಿಸಿದೆವು. ಮಣ್ಣು ತುಂಬುವ ಮಾತು ಅಲ್ಲಿಗೆ ನಿಂತಿತು.

ಅಜ್ಜಿ ತೀರಿಕೊಂಡು ನಾಲ್ಕು ವರ್ಷವಾಯಿತು. ಬೀಗದ ಕೈ ಈಗ ಮಗಳು ಎವ್ಡೋಕಿಯಾ ಬಳಿ ಇದೆ. ಕಳೆದ ತಿಂಗಳು ಬೀಗ ಬಿದ್ದ ಮೇಲೆ, ಬೀಳ್ಕೊಳ್ಳುವ ಮುನ್ನ ಒಮ್ಮೆ ಒಳಗೆ ಹೋಗಿಬರುವ ಆಸೆಯಿಂದ ಗ್ಲೆನಿಸ್ ಆಕೆಯನ್ನು ಕೇಳಿದರು.

"ಹಕ್ಕಿ ಬಂದಾಯ್ತಲ್ಲ. ಏಪ್ರಿಲ್‌ಗೆ ಬನ್ನಿ, ಎಲ್ರ ಜೊತೆ," ಎಂದಳು ಎವ್ಡೋಕಿಯಾ.

ಗ್ಲೆನಿಸ್ ಒಂದು ಕ್ಷಣ ಬೇಲಿಯ ಬಾಗಿಲ ಮೇಲೆ ಕೈಯಿಟ್ಟು ನಿಂತು, ಹಳಿಯ ಬದಿಯ ದಾರಿ ಹಿಡಿದು ನಡೆದರು. ಅವರ ಮುಖದಲ್ಲಿದ್ದ ಸಂತೋಷವನ್ನು ಯಾವ ಸನ್ಮಾನದಲ್ಲೂ ನಾನು ಕಂಡಿಲ್ಲ.

ಏಪ್ರಿಲ್‌ನಲ್ಲಿ ಬಾಗಿಲು ತೆರೆದಾಗ ಅವರು ಚೀಲ ಹಿಡಿದು ಎಲ್ಲರ ಜೊತೆ ಒಳಗೆ ಬರಲಿ. ಹಕ್ಕಿಗಳನ್ನೆಲ್ಲ ಬಲ್ಲ ಅವರಿಗೆ ಸೊಪ್ಪು ಗುರುತಿಸಲು ಇನ್ನೂ ಬರುವುದಿಲ್ಲ. ಕಲಿಯಲು ಬಹಳ ವರ್ಷ ಬೇಕೆಂದು ಎವ್ಡೋಕಿಯಾ ಹೇಳುತ್ತಾಳೆ. ಅಷ್ಟು ವರ್ಷಗಳೂ, ಅದರ ಮೇಲೆ ಇನ್ನಷ್ಟು ವರ್ಷಗಳೂ ಅವರಿಗೆ ದೊರೆಯಲಿ.