ಕುದುರೆ ಏರದವನ ಹಾಡು

ಗುಡ್ಡಗಾಡಿನ ಅತ್‌ಬಾಶಿ ಊರಿನಲ್ಲಿ ಯಾರಾದರೂ ಸತ್ತರೆ ಮೊದಲು ಬಂದವರ ಊಟಕ್ಕೆ ಕುರಿ ಹುಡುಕುತ್ತಾರೆ, ಆಮೇಲೆ ಸೈರಾಕನ್‌ಳನ್ನು. ಅವಳ ಕಸುಬು ಹಾಸಿಗೆ ಹೊಲಿಯುವುದು. ಹೆಸರು ಮಾಡಿದ್ದು ಸತ್ತವರನ್ನು ಹೊಗಳಿ ಹಾಡುವುದರಲ್ಲಿ. ಅವಳು ಬಾಯಿ ತೆರೆದರೆ ಊರಿನ ಕಡುಜಿಪುಣನೂ ದಾನಶೂರನಾಗುತ್ತಾನೆ. "ಸತ್ತ ಮೇಲಾದ್ರೂ ಒಳ್ಳೆಯವನಾಗ್ಲಿ ಬಿಡಿ, ಬದುಕಿದ್ದಾಗ ನೀವೆಲ್ಲಿ ಬಿಟ್ರಿ?" ಎಂದು ನಗುತ್ತಾಳೆ.

ಹೋದ ವಸಂತದಲ್ಲಿ ವ್ಯಾನ್ ಓಡಿಸುತ್ತಿದ್ದ ತಾಷ್ತನ್ ತೀರಿಕೊಂಡ. ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಪದ್ಧತಿಯಂತೆ ಹೆಂಗಸರು ಒಳಗೆ ಬಾಗಿಲಿಗೆ ಬೆನ್ನು ಹಾಕಿ ಕೂತರು. ಹಾಗಾಗಿ ವಿಧವೆಯ ದುಃಖವನ್ನು ಊರು ಕಿವಿಯಿಂದಲೇ ಅಳೆಯಬೇಕು. ತಾಷ್ತನ್‌ನ ಹೆಂಡತಿ ಬುರುಲ್‌ಳಿಂದ ಒಂದು ಬಿಕ್ಕೂ ಹೊರಡಲಿಲ್ಲ.

"ಅತ್ತಿಗೇ, ಸುಮ್ನಾದ್ರೂ ಗಂಟಲು ತೆಗೀರಿ," ನಾದಿನಿ ಪಿಸುಗುಟ್ಟಿದಳು. "ನಮ್ಮಣ್ಣ ನಿಮಗೆ ಬೇಡವಾಗಿದ್ನಾ ಅಂತಿದಾರೆ ಹೊರಗೆ."

"ಬರ್ತಿಲ್ವೇ. ಏನ್ ಮಾಡ್ಲಿ?"

ಸೈರಾಕನ್ ದನಿ ಏರಿಸಿದಳು. ಬಿಳಿ ಕುದುರೆ ಏರಿದ ವೀರ, ಕಣಿವೆ ದಾಟಿದ ಗಿಡುಗ! ಅವಳ ಹಾಡಿನಲ್ಲಿ ಸತ್ತ ಗಂಡಸರೆಲ್ಲ ಕುದುರೆಯ ಮೇಲೇ ಇರುತ್ತಾರೆ.

ಬುರುಲ್‌ಳ ಭುಜ ಕುಲುಕಿತು. ಅಳು ಬಂತೆಂದು ಎಲ್ಲರೂ ಅಂದುಕೊಂಡರೆ, ಅದು ನಗು.

"ಯಾವ ಕುದುರೆ ಅಕ್ಕಾ? ಕುದುರೆ ಕಂಡ್ರೆ ವ್ಯಾನಿನ ಗಾಜು ಏರಿಸ್ಕೋತಿದ್ದ ನನ್ನ ಗಂಡ!"

"ಮೆತ್ತಗೆ ಮಾತಾಡೇ. ಸತ್ತವನನ್ನ ಕಾಲ್ನಡಿಗೆಯಲ್ಲಿ ಕಳಿಸೋಕಾಗುತ್ತಾ?"

"ನೀವು ಹಾಡ್ತಿರೋನು ಯಾರೋ ನಂಗೆ ಗೊತ್ತಿಲ್ಲ. ಪರಗಂಡಸಿಗೆ ಹೆಂಗೆ ಅಳ್ಲಿ?"

ಸೈರಾಕನ್ ಹಾಡು ನಿಲ್ಲಿಸಿ ಅವಳತ್ತ ಬಾಗಿದಳು. "ಹಂಗಾದ್ರೆ ಹೇಳು. ಹೆಂಗಿದ್ದ?"

"ವ್ಯಾನ್ ಹತ್ತಿದ್ರೆ ಹಾಡ್ತಿದ್ದ, ಶ್ರುತಿಯಿಲ್ದೆ. ಮುದುಕಿಯರನ್ನ ಮನೆ ಬಾಗಿಲಿಗೇ ಬಿಡೋನು. ಹಿಂದೆ ಕೂತೋರು ತಡವಾಯ್ತು ಅಂತ ಬೈಯೋರು."

ಸೈರಾಕನ್ ಕುದುರೆಯಿಂದ ಅವನನ್ನು ಇಳಿಸಿದಳು. ಅದೇ ಹಳೆಯ ಧಾಟಿಗೆ ವ್ಯಾನು ಬಂತು, ಅಪಶ್ರುತಿ ಬಂತು, ಬಾಗಿಲಲ್ಲಿ ಇಳಿದ ಮುದುಕಿ ಬಂದಳು. ಹೊರಗೆ ಯಾರೋ ಕಿಸಕ್ಕನೆ ನಕ್ಕು, ಮೂಗು ಸೀಟಿಕೊಂಡರು. ಬುರುಲ್ ಮಾತ್ರ ಇನ್ನೂ ಒಣಗಣ್ಣಿನಲ್ಲೇ ಇದ್ದಳು. ಹುರುಪೇರಿದ ಸೈರಾಕನ್ ತನ್ನದೂ ಒಂದು ಸಾಲು ಸೇರಿಸಿದಳು: ಸಂಜೆಯ ಚಹಾಕ್ಕೆ ಜೇನು ಬೆರೆಸಿ ಕುಡಿದವನೇ...

"ಜೇನಲ್ಲ ಅಕ್ಕಾ," ಬುರುಲ್ ತಡೆದಳು. "ಜಾಮ್. ಅದೂ ನನ್ನ ಪಾಲಿಂದು. ನಾನು ಮುಟ್ಬೇಡ ಅಂದ್ರೂ ಕೇಳದೆ, ನನ್ನ ಪಾಲಿಂದು..."

ಅಲ್ಲಿಗೆ ದನಿ ಒಡೆಯಿತು. ಮುಂದಿನದನ್ನು ಅವಳೇ ಹಾಡಿದಳು, ಧಾಟಿ ತಪ್ಪಿ, ಅವನ ಮೇಲೆ ದೂರು ಹೇಳುತ್ತ. ಸೈರಾಕನ್ ಪಕ್ಕಕ್ಕೆ ಸರಿದು ಬರೀ ಹೂಂಗುಟ್ಟಿದಳು. ಹೊರಗೆ ಬೆಂದ ಮಾಂಸ ಆರಿತು. ಬುರುಲ್ ನಿಲ್ಲಿಸಲಿಲ್ಲ.