ಎಡಗಡೆಯ ಕಿಟಕಿ

ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ ಈಗಲೂ ಕಲಬುರಗಿಯ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೊಮ್ಮೆ ಮೂಗಿಗೆ ಬಡಿಯುತ್ತದೆ. ಬಡಿದ ಕೂಡಲೇ ಕಮಲಾಪುರದ ಅಜ್ಜನ ಮನೆ ನೆನಪಾಗುತ್ತದೆ, ಮಾವಶಿ ನೆನಪಾಗುತ್ತಾಳೆ. ಅವಳು ನನ್ನ ತಾಯಿಯ ತಂಗಿ. ಮದುವೆಯಾಗಲಿಲ್ಲ, ಕಮಲಾಪುರದ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದಳು. ಸೂಟಿ ಬಿತ್ತೆಂದರೆ ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದು ನನ್ನನ್ನು ಕರೆದೊಯ್ಯುತ್ತಿದ್ದಳು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಅವಳ ಕೈಯೊರೆಸುವ ದಸ್ತಿ ಎಡಗಡೆಯ ಕಿಟಕಿಯಿಂದ ಒಳಗೆ ಬಿದ್ದು ಸೀಟು ಹಿಡಿದಿರುತ್ತಿತ್ತು. ಮುಂಜಾನೆ ಹೋಗುವಾಗಲೂ ಸಂಜೆ ಮರಳುವಾಗಲೂ ಆ ದಾರಿಯಲ್ಲಿ ಬಿಸಿಲು ಬಲಗಡೆಗೇ. ನಮ್ಮ ಕಡೆಯವರು ಕಿಟಕಿ ಹಿಡಿಯುವುದು ನೋಟಕ್ಕಲ್ಲ, ನೆರಳಿಗೆ. "ಬಲಕ್ಕ ಕುಂತ್ರ ಮಹಾಗಾಂವ ಬರೂದ್ರಾಗ ಹಪ್ಪಳ ಆಗ್ತಿ," ಎನ್ನುತ್ತಿದ್ದಳು.

ಆ ಮನೆಯ ಅಡುಗೆಕೋಣೆಯ ನೆಲಕ್ಕೆ ಕಲ್ಲು ಹಾಸಿತ್ತು, ಬೇಸಿಗೆಯಲ್ಲೂ ಅಂಗಾಲಿಗೆ ತಣ್ಣಗೆ ತಾಗುತ್ತಿತ್ತು. ಮಧ್ಯಾಹ್ನ ಅಲ್ಲಿ ಕುಳಿತು ಮಾವಶಿ ಹಿಟ್ಟು ನಾದುವ ಅಗಲ ಪರಾತದಲ್ಲಿ ನೀರು ತುಂಬಿ, ನಡುವೆ ಜೋಳದ ಹಿಟ್ಟಿನ ಮುದ್ದೆ ಇಡುತ್ತಿದ್ದಳು. "ಇದ ನೋಡು ದ್ವೀಪ. ಸುತ್ತಾ ಪೂರಾ ನೀರು." ಹಿಟ್ಟು ಹಾಳಾಯಿತೆಂದು ಅಜ್ಜಿ ಗೊಣಗುತ್ತಿದ್ದಳು. ಸಮುದ್ರವನ್ನೇ ಕಾಣದ ಮಾವಶಿ ನೌಕರಿ ಮುಗಿಯುವವರೆಗೂ ಮಕ್ಕಳಿಗೆ ದ್ವೀಪ ಕಲಿಸಿದಳು. ಅಜ್ಜ, ಅಜ್ಜಿ ಹೋದರು, ಮನೆ ಮಾರಿದೆವು. ಈಗ ಅಲ್ಲೊಂದು ಟೈಲ್ಸ್ ಅಂಗಡಿ ಇದೆ. ಅದರ ಮುಂದೆ ಹಾಯುವಾಗ ನಾನು ಸುಮ್ಮನೆ ಫೋನು ನೋಡುತ್ತೇನೆ. ಈ ವಯಸ್ಸಿಗೆ ದುಃಖಪಡಲಿಕ್ಕೂ ದಣಿವಾಗುತ್ತದೆ, ನಿಮಗೂ ಗೊತ್ತಿರಬಹುದು.

ನೌಕರಿ ಮುಗಿದ ಮೇಲೆ ಮಾವಶಿಯ ಕಣ್ಣಿನ ನರ ಒಣಗತೊಡಗಿತು. ಇನ್ನು ಹೆಚ್ಚು ದಿನ ಕಾಣುವುದಿಲ್ಲ ಎಂದರು ಡಾಕ್ಟರು. ಅವಳು ಅಳಲಿಲ್ಲ. "ಒಂದ ದ್ವೀಪ ಮ್ಯಾಲಿಂದ ನೋಡಬೇಕವಾ. ಕೆಳಗ ನಿಂತ್ರ ಸುತ್ತಾ ನೀರು ಅದನೋ ಇಲ್ಲೋ ಹೆಂಗ ತಿಳೀಬೇಕು?" ಎಂದಳು. ಅಂಡಮಾನಿಗೆ ಟಿಕೆಟ್ ಮಾಡಿದೆ. ಫೋನಿನಲ್ಲಿ ಸೀಟುಗಳ ಚಿತ್ರ ಬಂತು. "ಮುಂಜಾನಿ ವಿಮಾನ, ಪೂರ್ವಕ್ಕ ಹೊಂಟದ. ಥಂಡಿ ದಿನ, ಬಿಸಿಲು ಬಲಕ್ಕ ಬೀಳ್ತದ. ಎಡಕ್ಕ ಹಿಡಿ," ಎಂದಳು. ನನಗೂ ಅದೇ ಸರಿ ಕಂಡಿತು. ವಿಮಾನದೊಳಗೆ ಎಸಿ ಇರುತ್ತದೆ, ಬಿಸಿಲಿಗೆ ಹೆದರಬೇಕಿಲ್ಲ ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ.

ಕಡಲ ಮೇಲೆ ಬಹಳ ಹೊತ್ತು ಹಾರಿ ವಿಮಾನ ಇಳಿಯತೊಡಗಿತು. ಬಲಗಡೆಯವರೆಲ್ಲ ಒಮ್ಮೆಲೇ ಕಿಟಕಿಗೆ ಮುಗಿಬಿದ್ದರು. ನಮ್ಮ ಕಡೆ ಬರೀ ನೀರು. ಬೆಲ್ಟ್ ಬಿಚ್ಚುವಂತಿಲ್ಲ, ಏಳುವಂತಿಲ್ಲ.

"ಆ ಕಡಿ ಬಂತೇನು?" ಎಂದು ಮಾವಶಿ ಕೇಳಿದಳು.

ಹೂಂ ಎಂದೆ. ನನ್ನ ಮೇಲೆ, ನಮ್ಮೂರಿನ ಆ ಹಾಳು ಬಿಸಿಲಿನ ಮೇಲೆ ವಿಪರೀತ ಸಿಟ್ಟು ಬಂತು. "ಬರೂವಾಗ ನೋಡೂಣು ತಗೊ," ಎಂದೆ. ಬರುವಾಗ ಕೆಳಗೆಲ್ಲ ಮೋಡ ಮುಚ್ಚಿತ್ತು. ಮುಂದಿನ ಮಳೆಗಾಲದ ಹೊತ್ತಿಗೆ ಕಣ್ಣು ಹೋದವು; ಹೋದ ವರ್ಷ ಅವಳೂ ಹೋದಳು. ಆದರೆ ಅವತ್ತು ವಿಮಾನದಲ್ಲಿ ಅವಳು ನನ್ನ ಕೈ ಹಿಡಿದು, "ಈಗ ನೀ ನೋಡಿ ಹೇಳು," ಎಂದಳು.

ಕುತ್ತಿಗೆ ಚಾಚಿ ಹೇಳಿದೆ. "ಹಸರಗ ಅದ. ದಂಡಿಗೆ ಬಿಳಿ ಉಸುಕು. ಆಮ್ಯಾಲ ನೀರು."

ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು. "ಸುತ್ತಾ ಪೂರಾ ಅದನಾ?"

"ಪೂರಾ ಅದ, ಮಾವಶಿ."

ನನ್ನ ಕೈ ಬಿಟ್ಟು ಸೀಟಿಗೆ ಒರಗಿದಳು. "ಹಂಗಾದ್ರ ನಾ ಹುಡುಗರಿಗಿ ಸುಳ್ಳು ಹೇಳಿಲ್ಲ ತಗೊ," ಎಂದಳು.

ನನಗೆ ಕಂಡಿದ್ದು ಆಚೆ ಸಾಲಿನವರ ಬೆನ್ನುಗಳು ಮಾತ್ರ.